ಕಾಕಾನನ್ನು ಕರೆಯುವುದು ಬಾಕಿ

ಊರವರಿಗೆಲ್ಲ ನೆನಪು ಮಾಡಿಕೊಡುವುದೇ ನನ್ನ ಹೊಟ್ಟೆಪಾಡು. ಗೋಕಾಕದ ಒಂದು ಕಾಲೇಜಿನಲ್ಲಿ ನಾನು ಗ್ರಂಥಪಾಲಕ. ಪುಸ್ತಕ ಒಯ್ದು ಹದಿನೈದು ದಿನ ದಾಟಿಸಿದ ಹುಡುಗರಿಗೆ ಚೀಟಿ ಕಳಿಸುತ್ತೇನೆ, ಚೀಟಿಗೆ ಬಗ್ಗದ ಪ್ರೊಫೆಸರರನ್ನು ವರಾಂಡದಲ್ಲೇ ತಡೆದು ಕೇಳುತ್ತೇನೆ. ಇಂಥ ನಾನು ಸ್ವತಃ ಮಹಾ ಮರೆಗುಳಿ ಎಂಬುದನ್ನು ನಿಮ್ಮ ಹತ್ತಿರ ಮುಚ್ಚಿಟ್ಟು ಪ್ರಯೋಜನವಿಲ್ಲ. ಹಾಲು ತರಲು ಹೋಗಿ ಪಾತ್ರೆಯನ್ನೇ ಬಿಟ್ಟು ಬಂದವನು ನಾನು. ಒಮ್ಮೆ ಹುಕ್ಕೇರಿಯಲ್ಲಿ ಬಾಳೆಹಣ್ಣು ಕೊಳ್ಳಲು ಬೈಕಿನಿಂದ ಇಳಿದ ಹೆಂಡತಿಯನ್ನು ಅಲ್ಲೇ ಬಿಟ್ಟು, ಘಟಪ್ರಭಾದವರೆಗೂ ಅವಳ ಜೊತೆ ಮಾತಾಡಿಕೊಂಡು ಬಂದಿದ್ದೆ. ಇವತ್ತು ಎದುರು ಮಾತಾಡದೆ ಕೇಳುತ್ತಿದ್ದಾಳಲ್ಲ ಎಂದು ದಾರಿಯುದ್ದಕ್ಕೂ ಸಂತೋಷ ಬೇರೆ ಪಟ್ಟಿದ್ದೆ.

ನನ್ನ ಹೆಂಡತಿ ಸುನಂದಾ ಇದಕ್ಕೆ ತೀರ ವಿರುದ್ಧ. ಅವಳ ನೆನಪೆಲ್ಲ ಸೀರೆಯ ಸೆರಗಿನಲ್ಲಿರುತ್ತದೆ. ಒಂದು ಕೆಲಸಕ್ಕೆ ಒಂದು ಗಂಟು. ಕೆಲಸ ಮುಗಿಸಿ, ಮನೆಗೆ ಬಂದು, ಅತ್ತೆಯ ಮುಂದೆ ಹೇಳಿದ ಮೇಲೆಯೇ ಗಂಟು ಬಿಚ್ಚುತ್ತಾಳೆ. ನಾನು ನಗುತ್ತಿದ್ದೆ. ಯಾಕೆಂದರೆ ಆ ವರ್ಷ ನನ್ನ ಜೇಬಿಗೂ ಒಂದು ಮೊಬೈಲು ಇಳಿದಿತ್ತು. ಅದರಲ್ಲಿ ಟಾರ್ಚು ಇತ್ತು, ಹಾವಿನ ಆಟ ಇತ್ತು, ಇವೆರಡರ ಹಿಂದೆ ಯಾರೂ ಹೊಕ್ಕು ನೋಡದ ಮೂಲೆಯಲ್ಲಿ ಮಾಡಬೇಕಾದ ಕೆಲಸಗಳ ಪಟ್ಟಿ ಬರೆದಿಡುವ ಸೌಲಭ್ಯವೂ ಇತ್ತು. ಕೆಲಸ ಬರೆದು ವೇಳೆ ಕೊಟ್ಟರೆ ಆ ವೇಳೆಗೆ ಕೂಗುತ್ತದೆ. ಮುಗಿದ ಮೇಲೆ ಗುಂಡಿ ಒತ್ತಿದರೆ ಮುಂದೊಂದು ರೈಟ್ ಗುರುತು ಬೀಳುತ್ತದೆ. ಒತ್ತದಿದ್ದರೆ ದಿನಾ ಅದೇ ಹೊತ್ತಿಗೆ ಕೂಗುತ್ತಲೇ ಇರುತ್ತದೆ. ಆ ರೈಟ್ ಗುರುತಿನ ರುಚಿ ನನಗೆ ಹೇಗೆ ಹತ್ತಿತೆಂದರೆ, ಸ್ನಾನ ಮುಗಿಸಿ ಬಂದ ಮೇಲೆ ‘ಸ್ನಾನ’ ಎಂದು ಬರೆದು ಗುರುತು ಹಾಕಿಕೊಳ್ಳುತ್ತಿದ್ದೆ.

ಅಂಥ ಹೊತ್ತಿನಲ್ಲೇ ತಂಗಿ ಭಾರತಿಯ ಲಗ್ನ ಗಟ್ಟಿಯಾಯಿತು. ಅಪ್ಪ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಅಪ್ಪನ ಜಾಗದಲ್ಲಿ ನಿಂತು ಧಾರೆ ಎರೆಯಬೇಕಾದವನು ಅವನ ತಮ್ಮ, ಕಣಗಲಾದ ಕಾಕಾ. ಭಾರತಿಗೂ ಅದೇ ಆಸೆ. ಕಾಕಾನ ಮುಖದಲ್ಲಿ ಅಪ್ಪನ ಮೂಗು, ಅಪ್ಪನ ಹುಬ್ಬು ಹಾಗೇ ಇವೆ. ಆದರೆ ಕಾಕಾನ ಸಿಟ್ಟು ಮಾತ್ರ ಸ್ವಂತದ್ದು, ಮೂಗಿನ ತುದಿಯಲ್ಲೇ ಇರುತ್ತದೆ. ನಮ್ಮ ಕಡೆ ಲಗ್ನಕ್ಕೆ ಕರೆಯುವುದೆಂದರೆ ಪತ್ರಿಕೆ ಮುಟ್ಟಿಸುವುದಲ್ಲ. ಮನೆಗೆ ಹೋಗಬೇಕು, ಕುಂಕುಮ ಹಚ್ಚಬೇಕು, ಕೂತು ನಾಲ್ಕು ಮಾತಾಡಬೇಕು. ಅವ್ವ ಸಾರಿ ಸಾರಿ ಹೇಳಿದ್ದಳು:

“ಬ್ಯಾರೆ ಕಡಿ ಹೆಂಗರ ಮಾಡು. ಕಾಕಾನ ಮನ್ಯಾಗ ಮಾತ್ರ ಒಂದ ತುತ್ತ ಉಂಡ ಬಾ. ಅವ ಬರಲಿಲ್ಲ ಅಂದ್ರ ನನ್ನ ಮಗಳಿಗೆ ಧಾರಿ ಯಾರೋ ಎರಿತಾರು?”

“ಚಿಂತಿ ಬಿಡವಾ, ಎಲ್ಲಾ ಫೋನಿನ್ಯಾಗ ಐತಿ,” ಎಂದೆ.

ಹದಿನೆಂಟು ಮನೆಗಳನ್ನು ಫೋನಿಗೆ ಏರಿಸಿದೆ. ಲಗ್ನಕ್ಕೆ ನಾಲ್ಕು ದಿನ ಇರುವಾಗ ಮಧ್ಯಾಹ್ನ ಹನ್ನೆರಡೂವರೆಗೆ, ಯಾರಾದರೂ ಉಳಿದಿದ್ದರೆ ಕೂಗಿ ಹೇಳು ಎಂದು ಅಪ್ಪಣೆಯನ್ನೂ ಕೊಟ್ಟೆ. ಒಂದು ರವಿವಾರ ಗಾಡಿ ಹತ್ತಿ ಸಂಕೇಶ್ವರದ ಕಡೆ ಹೊರಟವನು ಒಂದೇ ದಿನ ಹನ್ನೊಂದು ಮನೆ ಹೊಡೆದುಹಾಕಿದೆ. ಎಲ್ಲೆಲ್ಲಿ ಹೋದೆ, ಯಾರು ಏನಂದರು ಎಂದು ಕೇಳಬೇಡಿ. ಬಾಗಿಲಲ್ಲಿ ನಿಂತು ಪತ್ರಿಕೆ ಕೊಡುವುದು, ‘ಎಲ್ಲಾರೂ ಬರ್ರಿ’ ಎನ್ನುವುದು, ‘ಚಾ ಕುಡದ ಹೋಗೋ’ ಎಂದರೆ ‘ಇನ್ನೊಮ್ಮಿ ಬರ್ತೇನ್ರಿ’ ಎನ್ನುವುದು, ಗುಂಡಿ ಒತ್ತುವುದು, ಮುಂದಿನ ಮನೆ. ಸಂಜೆಗೆ ಗುರುತುಗಳನ್ನು ಎಣಿಸಿ ನೋಡಿದೆ, ಸರಿಯಾಗಿ ಹನ್ನೊಂದು. ಜಗತ್ತನ್ನೇ ಗೆದ್ದಷ್ಟು ಖುಷಿಯಾಯಿತು.

ಎರಡೂವರೆ ವಾರ ಕಳೆಯಿತು, ಸಂಜೆ ಹೊತ್ತು ಒಂದೊಂದಾಗಿ ಉಳಿದ ಮನೆಗಳೂ ಮುಗಿದವು. ಲಗ್ನಕ್ಕೆ ನಾಲ್ಕು ದಿನ ಉಳಿದಿತ್ತು. ಗ್ರಂಥಾಲಯದಲ್ಲಿ, ‘ಗದ್ದಲ ಮಾಡಬಾರದು’ ಎಂದು ನಾನೇ ಬರೆಸಿದ ಹಲಗೆಯ ಕೆಳಗೆ ಕೂತಿದ್ದಾಗ ಫೋನು ಕೂಗಿಕೊಂಡಿತು. ತೆಗೆದು ನೋಡಿದರೆ ಒಂದೇ ಒಂದು ಹೆಸರು: ಕಾಕಾ, ಕಣಗಲಾ. ಮುಂದೆ ಗುರುತಿಲ್ಲ. ಅಲ್ಲ, ಹೋಗಿದ್ದ ಹಾಗಿದೆಯಲ್ಲ ಎಂದು ತಲೆಯೊಳಗೆ ಯಾರೋ ಸಣ್ಣ ದನಿಯಲ್ಲಿ ಅಂದರು. ಆದರೆ ಅಂದವನು ಹಾಲಿನ ಪಾತ್ರೆ ಬಿಟ್ಟು ಬಂದವನು, ಹೆಂಡತಿಯನ್ನು ಬಿಟ್ಟು ಬಂದವನು. ಅವನ ಮಾತನ್ನು ಯಾರು ನಂಬುತ್ತಾರೆ? ನಾನು ಫೋನನ್ನೇ ನಂಬಿದೆ.

ಪ್ರಿನ್ಸಿಪಾಲರ ಮುಂದೆ ಅಂಗಲಾಚಿ ಅರ್ಧ ದಿನದ ರಜೆ ಪಡೆದು, ಒಂದು ಕಿಲೋ ಕರದಂಟು ಕಟ್ಟಿಸಿಕೊಂಡು ಹೊರಟಾಗ ಮೂರೂವರೆ. ಅವ್ವನಿಗೆ ಹೇಳುವ ಧೈರ್ಯ ಇರಲಿಲ್ಲ. ನಾಲ್ಕು ದಿನ ಇರುವಾಗ ಕರೆಯಲು ಹೋದರೆ ಕಾಕಾ ಏನೆಂದಾನು? ‘ಪೆಂಡಾಲು ಹಾಕಾಂವಗ ಹೇಳಿದ ಮ್ಯಾಲೆ ನನಗ ಹೇಳಾಕ ಬಂದ್ಯಾ?’ ಎಂದೇ ಅನ್ನುತ್ತಾನೆ. ಸಂಕೇಶ್ವರ ದಾಟುವವರೆಗೆ ಆ ಪ್ರಶ್ನೆಗೆ ಆರು ಉತ್ತರ ತಯಾರಿಸಿದೆ. ಕಣಗಲಾ ಬರುವಷ್ಟರಲ್ಲಿ ಆರನ್ನೂ ಮರೆತಿದ್ದೆ.

ಕಾಕಾ ಕಟ್ಟೆಯ ಮೇಲೆ ಕೂತಿದ್ದ. ನನ್ನನ್ನು ನೋಡಿಯೂ ಬಾ ಎನ್ನಲಿಲ್ಲ.

“ಯಾಕ ಬಂದಿ?”

“ಭಾರತಿ ಲಗ್ನಕ್ಕ ಕರಿಯಾಕ ಬಂದೇನಿ ಕಾಕಾ.”

ಕಾಕಾ ತಿರುಗಿ, ಬಾಗಿಲಲ್ಲಿ ನಿಂತಿದ್ದ ಹೆಂಡತಿಯ, ಅಂದರೆ ನಮ್ಮ ಕಾಕುವಿನ, ಮುಖ ನೋಡಿದ. ಕಾಕು ಅಂದಳು: “ಅಲ್ಲೋ ತಮ್ಮಾ, ಎರಡ ವಾರದ ಹಿಂದ ರವಿವಾರ ಬಂದು ಕರದ ಹೋಗಿದ್ದೆಲ್ಲೋ!”

ಅವಳು ಕೈ ಮಾಡಿದ ಕಡೆ ನೋಡಿದೆ. ಗೋಡೆಯ ಗೂಡಿನಲ್ಲಿ ನಮ್ಮದೇ ಲಗ್ನಪತ್ರಿಕೆ, ಮೇಲೆ ನನ್ನದೇ ಅಕ್ಷರ. ಅಂದರೆ ಬಂದಿದ್ದೆ! ಪಾಪ, ತಲೆಯೊಳಗಿನವನು ಖರೆಯನ್ನೇ ಹೇಳಿದ್ದ. ಈಗ ಏನು ಹೇಳಲಿ? ಕರೆದದ್ದು ಮರೆತು ಮತ್ತೆ ಕರೆಯಲು ಬಂದೆ ಎನ್ನಲೆ? ಬೇರೇನೂ ತೋಚದೆ ಬಗ್ಗಿ ಕಾಕಾನ ಕಾಲು ಮುಟ್ಟಿದೆ. ಕೆಳಗಿನಿಂದ ಮೇಲೆ ನೋಡಿದರೆ ಸಿಟ್ಟಿನಿಂದ ಏರಿದ್ದ ಕಾಕಾನ ಹುಬ್ಬು ಇಳಿದಿತ್ತು.

“ಏಳ, ಏಳ. ಏ, ಹೊತ್ತ ಮುಳಗಾಕ ಬಂತು. ಲಗು ತಾಟ ಹಚ್ಚ ಇವಗ,” ಎಂದು ಕಾಕುವಿಗೆ ಕೂಗಿ ಹೇಳಿದ.

ನಾವು ಜೈನರು, ಹೊತ್ತು ಮುಳುಗಿದ ಮೇಲೆ ಊಟವಿಲ್ಲ. ಕಾಕು ಓಡಾಡಿ ಬಡಿಸಿದಳು. ಬಿಸಿ ರೊಟ್ಟಿ, ಮಡಕಿಕಾಳಿನ ಪಲ್ಯ, ಶೇಂಗಾ ಚಟ್ನಿ, ಗಟ್ಟಿ ಮೊಸರು. ಮಧ್ಯಾಹ್ನದಿಂದ ಗಾಬರಿಯೊಂದನ್ನೇ ಉಂಡಿದ್ದ ನಾನು ತಲೆ ತಗ್ಗಿಸಿ ತಿನ್ನತೊಡಗಿದೆ. ಕಾಕಾ ಎದುರಿಗೆ ಕೂತು ಮೆಲ್ಲಗೆ ಹೇಳಿದ:

“ಅವತ್ತ ನೀ ಗಾಡಿ ಸುದ್ದಾ ಬಂದ್ ಮಾಡಲಿಲ್ಲ. ಉಂಡ ಹೋಗೋ ಅಂದ್ರ, ಫೋನ್ ಒತ್ತಕೊಂತ ಹೊಳ್ಳಿ ನೋಡದ ಹ್ವಾದಿ. ನಮ್ಮ ಅಣ್ಣ ಇದ್ದಿದ್ರ ಹಿಂಗ ಕರೀತಿದ್ನೇನೋ? ಲಗ್ನಕ್ಕ ಹೋಗೂದ ಬ್ಯಾಡ ಅಂತ ಅವತ್ತ ಗಟ್ಟಿ ಮಾಡಿದ್ದೆ. ಇವತ್ತ ತಪ್ಪ ತಿಳಕೊಂಡ ತಿರುಗಿ ಬಂದಿ. ಸಾಕ ಬಿಡು. ನಾಳೆ ಸಂಜೀಕನ ಬರ್ತೇವಿ, ಇಬ್ರೂ.”

ಕೈಯಲ್ಲಿದ್ದ ರೊಟ್ಟಿಯನ್ನು ತಾಟಿನಲ್ಲಿ ಇಟ್ಟೆ. ಅವ್ವ ಹೇಳಿದ ಒಂದು ತುತ್ತನ್ನು ನಾನು ಮರೆತಿದ್ದೆ. ಎರಡು ನಿಮಿಷದ ಆ ಭೇಟಿ ನನಗೇ ನೆನಪಿರಲಿಲ್ಲ, ಕಾಕಾ ಮಾತ್ರ ಅದನ್ನು ಮುಳ್ಳಿನಂತೆ ಎರಡೂವರೆ ವಾರ ಇಟ್ಟುಕೊಂಡು ಕೂತಿದ್ದ. ಫೋನು ಇವತ್ತು ಕೂಗದಿದ್ದರೆ ಅವನು ಬರುತ್ತಲೇ ಇರಲಿಲ್ಲ. ಇದ್ದದ್ದು ಇದ್ದಂತೆ ಹೇಳಿಬಿಡೋಣ ಎಂದುಕೊಂಡೆ. ಅಷ್ಟರಲ್ಲಿ ಕಾಕು ಮೂರನೆಯ ರೊಟ್ಟಿ ಹಾಕಿದಳು. ಬಾಯಿ ತುಂಬಿದಾಗ ಸತ್ಯ ಹೇಳುವುದು ಕಷ್ಟ.

ಗೋಕಾಕಕ್ಕೆ ಮರಳುವಾಗ ಗಾಡಿ ತಾನಾಗಿಯೇ ಓಡಿದ ಹಾಗಿತ್ತು. ವಿಷಯ ಕೇಳಿ ಅವ್ವ ಮೊದಲು ಎದೆ ಹಿಡಿದುಕೊಂಡಳು, ಆಮೇಲೆ ಕೈ ಮುಗಿದಳು, ಆಮೇಲೆ ಅತ್ತಳು. ಸುನಂದಾ ಮಾತ್ರ ಕೈ ಚಾಚಿದಳು.

“ತರ್ರಿ ಇಲ್ಲೆ ಆ ಫೋನು. ಕಾಕಾರ ಮುಂದ ಬೀಳೂ ಗುರುತು ಎಲ್ಲಿ ಬಿದ್ದೈತಿ ನೋಡೂಣು.”

ಅದು ಕೆಳಗಿನ ಸಾಲಿನಲ್ಲಿ, ಮೂಡಲಗಿಯ ಸೋದರತ್ತೆಯ ಹೆಸರಿನ ಮುಂದೆ ಬಿದ್ದಿತ್ತು. ಗಾಡಿಯ ಮೇಲೆ ಕೂತು ಒತ್ತಿದ್ದು, ಬೆರಳು ಒಂದು ಸಾಲು ಜಾರಿತ್ತು. ಅಂದರೆ ಮೂಡಲಗಿಗೆ ಯಾರೂ ಹೋಗಿಯೇ ಇಲ್ಲ! ನಾನು ತಲೆಯ ಮೇಲೆ ಕೈ ಹೊತ್ತು ಕೂತೆ. ಸುನಂದಾ ನಕ್ಕಳು.

“ನಾನೂ ಅವ್ವಾರೂ ಹೋದ ಗುರುವಾರ ಬಸ್ಸಿಗೆ ಹೋಗಿ ಉಂಡ ಬಂದೇವ್ರಿ. ನಿಮ್ಮ ಫೋನಿನ ಮ್ಯಾಲೆ ಭರೋಸಾ ಇಟ್ಟ ಲಗ್ನಾ ಮಾಡಾಕ ಆಗ್ತೈತೇನ್ರಿ? ಮೂಡಲಗಿಗೆ ಒಂದ ಗಂಟ ಹಾಕಿದ್ದೆ. ಕಣಗಲಾ ನೀವ ಮುಗಿಸೀರಿ ಅಂತ ಬಿಟ್ಟಿದ್ದೆ. ಅದೊಂದ ತಪ್ಪ ನಂದು.”

ಲಗ್ನದ ದಿನ ಹನ್ನೆರಡೂವರೆಯ ಮುಹೂರ್ತ. ಕಾಕಾ ಹೊಸ ರುಮಾಲು ಸುತ್ತಿ ಅಪ್ಪನ ಜಾಗದಲ್ಲಿ ನಿಂತು ಧಾರೆ ಎರೆದ. ಭಾರತಿ ಅವನ ಮುಖವನ್ನೇ ನೋಡುತ್ತ ಕಣ್ಣು ತುಂಬಿಕೊಂಡಳು. ನಾನೂ ಕಣ್ಣೊರೆಸಿಕೊಳ್ಳಬೇಕು, ಅಷ್ಟರಲ್ಲಿ ಜೇಬಿನಲ್ಲಿ ಫೋನು ಬಡಕೊಳ್ಳತೊಡಗಿತು.

“ಏನೋ ಅದು?” ಎಂದ ಕಾಕಾ.

ಇನ್ನು ಮುಚ್ಚಿಡಲಾಗಲಿಲ್ಲ. “ನಿಮ್ಮನ್ನ ಕರಿಯೂದು ಬಾಕಿ ಐತಿ ಅಂತ ನೆನಪ ಮಾಡಾಕತ್ತೈತಿ ಕಾಕಾ. ಮೊನ್ನೆನೂ ಇದರ ಮಾತ ಕೇಳೇ ಬಂದಿದ್ದೆ,” ಎಂದೆ.

ಕಾಕಾ ಒಂದು ಕ್ಷಣ ಹುಬ್ಬು ಏರಿಸಿದ. ಆಮೇಲೆ ಕೈಯಲ್ಲಿದ್ದ ಧಾರೆಯ ತಂಬಿಗೆ ಅಲುಗಾಡುವ ಹಾಗೆ ನಕ್ಕುಬಿಟ್ಟ. “ಹಂಗಾರ ಬಾ, ಇನ್ನೊಮ್ಮಿ ಬಾ. ರೊಟ್ಟಿ ಅಂತೂ ಇರ್ತಾವು.”

ಹೀಗಾಗಿ ದಿನಾ ಹನ್ನೆರಡೂವರೆಗೆ ನನ್ನ ಫೋನು ಇನ್ನೂ ಕಾಕಾನ ಹೆಸರು ಹಿಡಿದು ಕೂಗುತ್ತದೆ. ಅದರ ನೆಪದಲ್ಲಿ ತಿಂಗಳಿಗೊಮ್ಮೆ ಕಣಗಲಾಕ್ಕೆ ಹೋಗಿ ಉಂಡು ಬರುತ್ತೇನೆ. ‘ಕಾಕಾನ ಮ್ಯಾಲೆ ಎಷ್ಟ ಪ್ರೀತಿ ನೋಡ, ಗುರುತ ಹಾಕೂದ ಇಲ್ಲ ಅಂತಾನ’ ಎಂದು ಅವ್ವ ಬೀಗರ ಮುಂದೆಲ್ಲ ಹೇಳಿಕೊಂಡು ತಿರುಗುತ್ತಾಳೆ. ನಾನೂ ಹೌದೆಂದು ಗೋಣು ಹಾಕುತ್ತೇನೆ. ನಿಮ್ಮೊಬ್ಬರಿಗೆ ಮಾತ್ರ ಹೇಳುತ್ತಿದ್ದೇನೆ: ಗುರುತು ಹಾಕಲು ಯಾವ ಗುಂಡಿ ಒತ್ತಬೇಕೆಂಬುದೇ ನನಗೆ ಮರೆತುಹೋಗಿದೆ.