ಕತ್ತಲೆ ಮೂಲೆಗೊಂದು ಬಿಳಿ ಗಿಡ

ಗಂಡ: ಇದು ಬಿಳೀನಾ? ಇದನ್ನ ಬಿಳಿ ಅಂದ್ರೆ ನನ್ನ ಕಸುಬಿಗೇ ಅವಮಾನ! ಕ್ರೀಮು ಇದು, ಕ್ರೀಮು!

ಹೆಂಡತಿ: ಗಿಡ ಕಣ್ರೀ ಅದು, ಗೋಡೆ ಅಲ್ಲ.

(ಮನೆಗಳಿಗೆ ಬಣ್ಣ ಬಳಿಯುವ ಪೇಂಟರು ಆತ. ನರ್ಸರಿಗೂ ಬಣ್ಣದ ಮಾದರಿಗಳ ಶೇಡ್ ಕಾರ್ಡು ಹಿಡಿದೇ ಬಂದು, ಒಂದೊಂದು ಎಲೆಗೂ ಒತ್ತಿ ನೋಡುತ್ತಿದ್ದ. ಪಕ್ಕದಲ್ಲಿ ಸ್ಟೂಲಿನ ಮೇಲೆ ಕೂತಿದ್ದ ಹೆಂಡತಿಗೆ ತಲೆ ಚಚ್ಚಿಕೊಳ್ಳುವಂತಾಗಿತ್ತು. ಮಂಡಿನೋವು ಬಂದಮೇಲೆ ಅವಳ ಪ್ರಪಂಚವೆಂದರೆ ಅಡುಗೆಮನೆ ಕಿಟಕಿ. ಅದರಾಚೆ ಹಗಲಲ್ಲೂ ಕತ್ತಲು ಕವಿದ ಹಿತ್ತಿಲ ಮೂಲೆ. ಅಲ್ಲಿ ಕಣ್ಣಿಗೊಂದಿಷ್ಟು ಬೆಳಕು ಬೇಕಿತ್ತು, ಅಷ್ಟೇ.)

ನರ್ಸರಿಯಾಕೆ: ಅಣ್ಣಾ, ಈ ನಂದಿಬಟ್ಟಲು ತಗೊಳ್ಳಿ. ಎಲೆಗೆಲ್ಲ ಬಿಳಿ ಅಂಚು. ನೆರಳಲ್ಲಿ ಹೂವು ಕಮ್ಮೀನೇ, ಆದ್ರೆ ಎಲೆಯಿಂದ್ಲೇ ಜಾಗ ಬೆಳಗತ್ತೆ.

ಗಂಡ: ಅಂಚು ಬಳಿದು ನಡುವೆ ಹಂಗೇ ಬಿಟ್ಟಿದೆಯಲ್ಲ! ಇಂಥ ಕೆಲಸ ಮಾಡಿದೋನ್ನ ನಾನು ಅವತ್ತೇ ಓಡಿಸ್ತಿದ್ದೆ.

ಹೆಂಡತಿ: ದೇವರು ಬಳಿದದ್ದು. ಓಡಿಸಿ, ನೋಡೋಣ.

ಗಂಡ: ನಿಂಗೇನೇ ಗೊತ್ತು ಬಣ್ಣದ ವಿಚಾರ? ಕತ್ತಲೆ ಜಾಗಕ್ಕೆ ಅಪ್ಪಟ ಬಿಳೀನೇ ಆಗ್ಬೇಕು. ಊರಿಗೆಲ್ಲ ಹೇಳ್ಕೊಡೋನು ನಾನು!

ಹೆಂಡತಿ: ಊರಿಗೆ ಹೇಳ್ಕೊಟ್ಟೂ ಕೊಟ್ಟೂ ಮನೆಗೆ ಏನೂ ಉಳಿದೇ ಇಲ್ಲ.

ನರ್ಸರಿಯಾಕೆ: ಅಲ್ಲಕ್ಕಾ, ಹಗಲಲ್ಲೂ ಅಷ್ಟು ಕತ್ತಲೆ ಅಂದ್ರೆ, ಹಿಂದೆ ಏನಿದೆ?

ಹೆಂಡತಿ: ಗೋಡೆ.

ನರ್ಸರಿಯಾಕೆ: ಯಾವ ಬಣ್ಣ?

(ಗಂಡನಿಗೆ ಇದ್ದಕ್ಕಿದ್ದಂತೆ ಕೆಮ್ಮು ಬಂತು. ಶೇಡ್ ಕಾರ್ಡು ಜೇಬು ಸೇರಿತು. ಹೆಂಡತಿ ಈ ಪ್ರಶ್ನೆಗೇ ಕಾದಿದ್ದಳು.)

ಹೆಂಡತಿ: ಹೇಳ್ರೀ. ಈಗ್ಯಾಕೆ ಬಾಯಿಗೆ ಬೀಗ?

ಗಂಡ: ಕಡು ಹಸಿರು.

ಹೆಂಡತಿ: ಯಾವುದೋ ಗ್ಯಾರೇಜಿನ ಗೇಟಿಗೆ ಬಳಿದು ಮಿಕ್ಕಿದ್ದು ಕಣಮ್ಮ! ಬೇಡ ಬೇಡ ಅಂತ ಬಡ್ಕೊಂಡೆ. ಊರವರ ಮನೆಗೆಲ್ಲ ಹಾಲಿನಂಥ ಬಿಳಿ, ನನ್ನ ಕಿಟಕಿ ಎದುರಿಗೆ ಡಬ್ಬದ ತಳ ಕೆರೆದದ್ದು!

ಗಂಡ: ವೇಸ್ಟ್ ಆಗ್ಬಾರ್ದು ಅಂತ...

ನರ್ಸರಿಯಾಕೆ: ಗಿಡ ತಾನೇ ಏನು ಮಾಡತ್ತೆ ಪಾಪ? ಮೊದ್ಲು ಗೋಡೆಗೆ ಬಿಳಿ ಬಳಿಸಿ. ಆಮೇಲೆ ನೆಡಿ.

ಗಂಡ: ಈಗಾಗಲ್ಲ. ಕೈತುಂಬ ಕೆಲಸ ಒಪ್ಕೊಂಡಿದ್ದೀನಿ. ಮುಂದೆ ನೋಡೋಣ.

(ಮುಂದೆ ನೋಡೋಣವಂತೆ! ಈ ಮಾತು ಕೇಳಿ ಕೇಳಿ ಹೆಂಡತಿಯ ಕಿವಿ ತೂತಾಗಿತ್ತು. ಅವಳು ಅವನತ್ತ ತಿರುಗಿಯೂ ನೋಡಲಿಲ್ಲ.)

ಹೆಂಡತಿ: ಎರಡು ನಂದಿಬಟ್ಟಲು ಕೊಡಮ್ಮ. ಹಾಗೇ, ನಿಂಗೆ ಗೊತ್ತಿರೋ ಒಳ್ಳೆ ಪೇಂಟರ್ ಯಾರಾದ್ರೂ ಇದ್ರೆ ಹೇಳು.

ಗಂಡ: ಏಯ್! ನಾನು ಬದುಕಿರೋವಾಗ ನನ್ನ ಗೋಡೆಗೆ ಇನ್ನೊಬ್ಬ ಬ್ರಷ್ ಇಡೋದಾ? ನಡಿ ಮನೆಗೆ! ಇವತ್ತೇ ಬಳೀತೀನಿ!

(ಎರಡು ಕುಂಡಗಳನ್ನೂ ತಾನೇ ಎತ್ತಿಕೊಂಡು ಗೇಟಿನತ್ತ ಹೊರಟ. ಹೆಂಡತಿ ಮಂಡಿ ಹಿಡಿದುಕೊಂಡು ನಿಧಾನಕ್ಕೆ ಎದ್ದಳು.)

ಹೆಂಡತಿ: ಅಪ್ಪಟ ಬಿಳಿ, ಗೊತ್ತಾಯ್ತಾ? ಕ್ರೀಮು ಕಂಡ್ರೆ ಅವತ್ತೇ ಓಡಿಸ್ತೀನಿ.