ಹಿಂದಿನ ಸೀಟಿನ ಯಜಮಾನರು

"ಈ ಸಲ ಗಾಡಿ ಓಡಿಸೋದು ನಾನೇ!"

ಊಟದ ಮೇಜಿನ ಮುಂದೆ ನಾನು ಈ ಘೋಷಣೆ ಹೊರಡಿಸಿದಾಗ ನಮ್ಮ ಯಜಮಾನರ ಕೈಯಲ್ಲಿದ್ದ ನೀರಿನ ಲೋಟ ಬಾಯಿ ತಪ್ಪಿ ಗಲ್ಲಕ್ಕೆ ತಗುಲಿ, ಅಂಗಿಯನ್ನೆಲ್ಲ ತೋಯಿಸಿತು. ಕಡಲತೀರದ ಪಟ್ಟಣದಲ್ಲಿರುವ ನನ್ನ ನಾದಿನಿಗೆ ಹೆಣ್ಣುಮಗು ಹುಟ್ಟಿತ್ತು. ಮೊಮ್ಮಗಳನ್ನು ಎತ್ತಿಕೊಳ್ಳಲು ನಮ್ಮತ್ತೆ ತುದಿಗಾಲಲ್ಲಿ ನಿಂತಿದ್ದರು. ಅಜ್ಜಿಗೂ ಮೊಮ್ಮಗಳಿಗೂ ನಡುವೆ ಇದ್ದದ್ದು ಒಂದು ದೊಡ್ಡ ಕಾಡು, ಅದಕ್ಕಿಂತ ದೊಡ್ಡ ಬೆಟ್ಟದ ಸಾಲು, ಮತ್ತು ಇನ್ನೂ ಬಿಸಿ ಆರದ ನನ್ನ ಲೈಸೆನ್ಸ್!

"ಲೈಸೆನ್ಸ್ ಬಂದಿದೆ, ಸರಿ. ಡ್ರೈವಿಂಗ್ ಬಂದಿದೆಯಾ?" ಎಂದರು ಇವರು, ಗಲ್ಲ ಒರೆಸಿಕೊಳ್ಳುತ್ತಾ.

"ರೀ, ನಾನು ಟೈಲರ್! ನಿಮ್ಮನ್ನ ಮದುವೆಯಾಗೋ ಮುಂಚಿಂದ ಪೆಡಲ್ ತುಳೀತಾ ಇದೀನಿ. ಕೈ ಬಟ್ಟೆ ಮೇಲೆ, ಕಾಲು ಪೆಡಲ್ ಮೇಲೆ, ಕಣ್ಣು ಸೂಜಿ ಮೇಲೆ, ಬಾಯಿ ಗಿರಾಕಿ ಜೊತೆ. ಅಂಗಿ ಕತ್ತಿನ ಸುತ್ತ ಪಟ್ಟಿ ಕೂರಿಸೋಳಿಗೆ ಬೆಟ್ಟದ ತಿರುವು ಯಾವ ಲೆಕ್ಕ?"

"ಅಂಗಿ ಕೆಟ್ರೆ ಬಿಚ್ಚಿ ಮತ್ತೆ ಹೊಲೀಬಹುದು ಕಣೇ. ನಮ್ಮನ್ನ?"

ಅಷ್ಟರಲ್ಲಿ ಅತ್ತೆ ನನ್ನ ಪರ ನಿಂತರು. "ಓಡಿಸ್ಲಿ ಬಿಡೋ. ನಂಗೆ ಅವಳ ಮೇಲೆ ಪೂರ್ತಿ ನಂಬಿಕೆ ಇದೆ."

ಸೊಸೆಯನ್ನು ಅತ್ತೆಯೇ ಹೊಗಳಿದ ಮೇಲೆ ಗಂಡನಾದವನು ಬಾಯಿ ತೆರೆಯುವುದುಂಟೇ! ಹೀಗೆ ನಾನು ಸಾರಥಿಯಾದೆ.

ಇಲ್ಲೊಂದು ಮಾತು ಹೇಳಬೇಕು. ನಮ್ಮ ಯಜಮಾನರು ಶಾಲೆಯಲ್ಲಿ ಡ್ರಿಲ್ ಮೇಷ್ಟ್ರು. ಇಡೀ ಮೈದಾನಕ್ಕೆ ಕೇಳುವ ಗಂಟಲು. ಆ ಗಂಟಲನ್ನು ಒಂದು ಪುಟ್ಟ ಕಾರಿನೊಳಗೆ, ನನ್ನ ಎಡಗಿವಿಯ ಪಕ್ಕದಲ್ಲಿ ಕೂರಿಸಿಕೊಂಡು ಕಾಡಿನ ದಾರಿ ಹಿಡಿದೆ. ಆಹಾ, ಏನು ಕಾಡು! ಎರಡೂ ಕಡೆಯ ಮರಗಳು ಮೇಲೆ ಕೈ ಕೈ ಹಿಡಿದುಕೊಂಡಿದ್ದವು. ಎಲೆಗಳ ಸಂದಿನಿಂದ ಬಿಸಿಲು ಚುಕ್ಕಿ ಚುಕ್ಕಿಯಾಗಿ ರಸ್ತೆಗೆ ಬಿದ್ದು, ಒಳ್ಳೆಯ ಚುಕ್ಕಿ ಚೀಟಿ ಬಟ್ಟೆ ಹಾಸಿದಂತಿತ್ತು. ಅದನ್ನು ಸವಿಯೋಣವೆಂದರೆ—

"ಎಡಕ್ಕೆ! ಎಡಕ್ಕೆ! ಗೇರ್! ಬ್ರೇಕ್! ಬ್ರೇಕ್ ಅಂದೆ!"

"ರೀ, ರಸ್ತೇಲಿ ಒಂದು ಅಳಿಲೂ ಇಲ್ಲ!"

"ಬಂದ್ರೆ?"

ಇವರು ಬರೀ ಬಾಯಲ್ಲಿ ಹೇಳುತ್ತಿರಲಿಲ್ಲ. ತಮ್ಮ ಕಾಲಡಿಯಲ್ಲಿ ಇಲ್ಲದ ಬ್ರೇಕನ್ನು ಒತ್ತಿ ಒತ್ತಿ ಕೆಳಗಿನ ರಬ್ಬರ್ ಹಾಸನ್ನೇ ಸುಕ್ಕಾಗಿಸಿದ್ದರು. ಬೆಟ್ಟದ ಬುಡ ಬರುವ ಹೊತ್ತಿಗೆ ನನ್ನ ತಾಳ್ಮೆಯ ಕೊನೆಯ ಎಳೆಯೂ ಹರಿಯಿತು. ಗಾಡಿ ನಿಲ್ಲಿಸಿದೆ.

"ನೀವು ಹಿಂದೆ ಹೋಗಿ. ಅತ್ತೆ ಮುಂದೆ ಬರ್ಲಿ."

"ಹಿಂದಿನಿಂದ ರಸ್ತೆ ಹೇಗೆ ಕಾಣುತ್ತೆ?"

"ಕಾಣೋದು ಬೇಡ ಅಂತಾನೇ ಕಳಿಸ್ತಿರೋದು!"

ಇವರು ಮುಖ ಊದಿಸಿಕೊಂಡು ಹಿಂದೆ ಹೋದರು. ಅತ್ತೆಯ ಎರಡು ದಿಂಬುಗಳು ಮತ್ತು ನನ್ನ ದಪ್ಪ ಬ್ಯಾಗಿನ ನಡುವೆ ಮೈ ತೂರಿಸಿಕೊಂಡು, ತಲೆಯ ಮೇಲೆ ರಗ್ಗು ಎಳೆದುಕೊಂಡರು. "ಏನಾಗೋದಿದ್ರೂ ನನಗೆ ಕಾಣದ ಹಾಗೇ ಆಗ್ಲಿ" ಎಂಬುದು ಅವರ ಕೊನೆಯ ಮಾತು. ದಾರಿ ತೋರಿಸಲೆಂದು ಅವರ ಫೋನು ಮಾತ್ರ ಮುಂದೆ, ಸ್ಟೇರಿಂಗ್ ಪಕ್ಕದ ಸ್ಟ್ಯಾಂಡಿನಲ್ಲೇ ಉಳಿಯಿತು. ಅತ್ತೆ ತಿರುವುಗಳಿಗೆ ಹೆದರಿ ವಾಂತಿ ತಡೆಯುವ ಮಾತ್ರೆ ನುಂಗಿ, ನನ್ನ ಪಕ್ಕದಲ್ಲೇ ನಿದ್ದೆಹೋದರು.

ಬೆಟ್ಟದ ನೆತ್ತಿಯಲ್ಲಿ ಒಂದು ಚಹಾದಂಗಡಿ. ಮೋಡಗಳು ಅಂಗಡಿಯ ಒಂದು ಬಾಗಿಲಿಂದ ಬಂದು ಇನ್ನೊಂದು ಬಾಗಿಲಿಂದ ಹೋಗುತ್ತಿದ್ದವು. ನಾನು ಇಳಿದು ಚಹಾ ಕುಡಿದೆ. ನಾನೇ ಹತ್ತಿಸಿದ ಕಾರನ್ನೂ ನಾನೇ ಹತ್ತಿದ ಬೆಟ್ಟವನ್ನೂ ಹೆಮ್ಮೆಯಿಂದ ಮತ್ತೆ ಮತ್ತೆ ನೋಡಿದೆ. ವಾಪಸು ಬಂದು ಹಿಂದೆ ಇಣುಕಿದರೆ ರಗ್ಗು ಗುಡ್ಡದ ಹಾಗೆ ಉಬ್ಬಿ ಮಲಗಿತ್ತು. ಪಾಪ, ಇನ್ನೂ ಮುನಿಸು! ಎಬ್ಬಿಸಿದರೆ ಮತ್ತೆ ಡ್ರಿಲ್ ಶುರುವಾದೀತೆಂದು ಸದ್ದಿಲ್ಲದೆ ಬಾಗಿಲು ಹಾಕಿ ಹೊರಟೆ.

ಇಳಿಜಾರಿನ ತಿರುವುಗಳನ್ನು ನಾನು ತಿರುಗಿಸಿದ ಚಂದವೇ ಚಂದ! ಹಿಂದಿನಿಂದ ಒಂದೇ ಒಂದು ಮಾತಿಲ್ಲ.

"ನೋಡಿದ್ರಾ? ಒಂದು ಸುಕ್ಕಿಲ್ಲದ ಹಾಗೆ ತಿರುಗಿಸ್ದೆ!"

ಮೌನ.

"ಈಗಾದ್ರೂ ಒಪ್ಕೋತೀರಾ?"

ಮೌನ. ಮೌನವೆಂದರೆ ಒಪ್ಪಿಗೆ ತಾನೇ! ನನಗೆ ಹುರುಪು ಬಂತು. ಅಂಗಡಿಯ ಕಥೆಗಳನ್ನೆಲ್ಲ ಬಿಚ್ಚಿದೆ. ತೋಳಿನ ಬಟ್ಟೆ ತರದೆ ತೋಳು ಕೇಳಿದ ಗಿರಾಕಿ, ತಾನು ದಪ್ಪಗಾಗಿ ಅಳತೆ ಟೇಪನ್ನು ಬೈದ ಗಿರಾಕಿ. ಮದುವೆಯಾದಂದಿನಿಂದ ನಮ್ಮ ಯಜಮಾನರು ನನ್ನ ಮಾತನ್ನು ನಡುವೆ ಬಾಯಿ ಹಾಕದೆ ಇಷ್ಟು ಗಮನವಿಟ್ಟು ಕೇಳಿದ್ದೇ ಇಲ್ಲ. ನನಗೆ ಕಣ್ಣು ತುಂಬಿ ಬಂತು. ಎಂಥ ಒಳ್ಳೆಯ ಮನುಷ್ಯ! ಸುಮ್ಮನೆ ಹಿಂದೆ ಕಳಿಸಿದೆನಲ್ಲ!

ಆಗ ಸ್ಟ್ಯಾಂಡಿನಲ್ಲಿದ್ದ ಅವರ ಫೋನು ಬಡಿದುಕೊಂಡಿತು. ಗೊತ್ತಿಲ್ಲದ ನಂಬರು. ಗಾಡಿ ಪಕ್ಕಕ್ಕೆ ಹಾಕಿ ಎತ್ತಿದೆ. ಬೆಟ್ಟದ ಸಿಗ್ನಲ್ಲು, ಅರ್ಧ ಮಾತು ಕೇಳಿದರೆ ಅರ್ಧ ಗಾಳಿಗೆ.

"ಹಲೋ... ಅಮ್ಮಾ, ಗಂಡ... ನಮ್ಮ ಹತ್ರ..."

"ಯಾರು ಬೇಕು ನಿಮಗೆ?"

"ನಮಗಲ್ಲಮ್ಮಾ, ನಿಮಗೆ! ಒಳ್ಳೆ ಗಂಡ... ಗಟ್ಟಿಮುಟ್ಟಾಗಿ... ಬೇಕಾ ಬೇಡ್ವಾ ಬೇಗ ಹೇಳಿ... ಹೊರಡ್ತಾ ಇದೀವಿ..."

ನನಗೆ ವಿಷಯ ಹೊಳೆಯಿತು. ಮದುವೆ ದಲ್ಲಾಳಿ! ನನ್ನ ಗಂಡನ ಫೋನಿಗೇ ಕರೆ ಮಾಡಿ ನನಗೇ ಗಂಡು ತೋರಿಸುವ ಧೈರ್ಯ!

"ರೀ ಸ್ವಾಮಿ, ನನಗೊಬ್ಬ ಗಂಡ ಇದಾರೆ. ಹಿಂದಿನ ಸೀಟಲ್ಲೇ ಮಲಗಿದಾರೆ. ಆ ಒಬ್ಬರಲ್ಲೇ ಸಾಕುಸಾಕಾಗಿದೆ. ನೀವೇ ಇಟ್ಕೊಳ್ಳಿ ನಿಮ್ಮ ಗಂಡನ್ನ!"

ಮತ್ತೆ ಫೋನು ಬಂತು. ಕತ್ತರಿಸಿದೆ. ಮತ್ತೆ ಬಂತು, ಮತ್ತೆ ಕತ್ತರಿಸಿದೆ. ಕತ್ತರಿಸುವುದು ನನ್ನ ಕಸುಬಲ್ಲವೇ!

ಬೆಟ್ಟ ಇಳಿಯುತ್ತಿದ್ದಂತೆ ಮಳೆ ಹಿಡಿಯಿತು. ಸ್ವಲ್ಪ ಹೊತ್ತಿಗೆ ಹಿಂದಿನಿಂದ ಒಂದು ಬಸ್ಸು ಪೋಂ ಪೋಂ ಎಂದು ಹಾರ್ನ್ ಹೊಡೆಯುತ್ತಾ ಪಕ್ಕಕ್ಕೆ ಬಂತು. ಮಂಜು ಹಿಡಿದ ಕಿಟಕಿಗಳ ಹಿಂದೆ ಇಡೀ ಬಸ್ಸಿನ ಜನ ನನ್ನತ್ತ ಕೈ ಬೀಸುತ್ತಿದ್ದರು! ಒಬ್ಬರಂತೂ ಎರಡೂ ಕೈಯಲ್ಲಿ ಗಾಜು ಬಡಿಯುತ್ತಿದ್ದರು. ಮಳೆಯಲ್ಲಿ ಬೆಟ್ಟ ಇಳಿಸುವ ಹೆಣ್ಣುಮಗಳನ್ನು ಕಂಡು ಜನರಿಗೆ ಎಷ್ಟು ಅಭಿಮಾನ! ನಾನೂ ರಾಣಿಯಂತೆ ಕೈ ಬೀಸಿದೆ. ಬಸ್ಸು ಮುಂದೆ ಹೋಯಿತು.

ಪಟ್ಟಣ ಮುಟ್ಟಿದಾಗ ಆಕಾಶವೇ ಕಳಚಿ ಬೀಳುತ್ತಿತ್ತು. ಎಲ್ಲಿ ನೋಡಿದರೂ ಕೊಡೆಗಳು. ಬಂದರಿನ ಹಡಗುಗಳು ಮಳೆಯೊಳಗಿಂದ ಕೂಗುತ್ತಿದ್ದವು. ಫೋನಿನೊಳಗಿನ ಹೆಂಗಸು "ಬಲಕ್ಕೆ ತಿರುಗಿ" ಎಂದಳು. ಬಲಕ್ಕೆ ರಸ್ತೆ ಅಗೆದು ಅಡ್ಡಗಟ್ಟಿದ್ದರು. ನಾನು ನೇರ ಹೋದೆ. ಅವಳು ಮತ್ತೆ ಅದೇ ಬಲಕ್ಕೆ ಕರೆತಂದಳು. ಒಂದೇ ವೃತ್ತವನ್ನು ಎಷ್ಟು ಸಲ ಸುತ್ತಿದೆನೆಂದರೆ, ರೇನ್‌ಕೋಟು ಹಾಕಿದ್ದ ಟ್ರಾಫಿಕ್ ಪೊಲೀಸಪ್ಪ ಕೊನೆಗೆ ನನಗೆ ಸಲಾಮು ಹೊಡೆದ!

"ರೀ, ಎಡಕ್ಕಾ, ಬಲಕ್ಕಾ? ಈಗ ಹೇಳಿ, ಪರವಾಗಿಲ್ಲ."

ರಗ್ಗಿನೊಳಗಿಂದ "ಗುರ್ರ್... ಗುರ್ರ್..." ಎಂದು ಸದ್ದು ಬಂತು. ಗೊರಕೆ! ನಾನಿಲ್ಲಿ ಬೆವರುತ್ತಿದ್ದರೆ ಗೊರಕೆಯೇ? ಆದರೂ ಒಳಗೊಳಗೇ ಸಂತೋಷ. ನನ್ನ ಡ್ರೈವಿಂಗಿನಲ್ಲಿ ನಂಬಿಕೆ ಹುಟ್ಟದೆ ಯಾರಾದರೂ ಹೀಗೆ ಗೊರಕೆ ಹೊಡೆಯುತ್ತಾರೆಯೇ?

ಅಂತೂ ನಾದಿನಿಯ ಮನೆ ಸಿಕ್ಕಿತು. ಎರಡು ಕಾರುಗಳ ನಡುವಿನ ಸಣ್ಣ ಜಾಗದಲ್ಲಿ ನಮ್ಮ ಕಾರನ್ನು ಅಂಗಿಯ ಕಿಂಡಿಗೆ ಗುಂಡಿ ಸೇರಿಸುವ ಹಾಗೆ ಸೇರಿಸಿದೆ. ಅತ್ತೆಯನ್ನು ಎಬ್ಬಿಸಿದೆ. ನಾದಿನಿ ಮಗುವನ್ನು ಎತ್ತಿಕೊಂಡು ಬಾಗಿಲಲ್ಲೇ ನಿಂತಿದ್ದಳು. ನಗು ತಡೆಯಲಾಗದೆ ಅವಳ ತುಟಿ ಕುಣಿಯುತ್ತಿತ್ತು. ನನ್ನನ್ನು ಕಂಡ ಖುಷಿ ಎಂದುಕೊಂಡೆ.

"ನೋಡಮ್ಮ, ಒಂದು ಗೀರಿಲ್ಲದೆ ಎಲ್ಲರನ್ನೂ ತಂದು ಸೇರಿಸ್ದೆ!" ಎಂದು ಕೊಡೆ ಬಿಚ್ಚುತ್ತಾ ಸಾರಿದೆ. "ದಾರೀಲಿ ಲಾರಿ, ಜೀಪು, ಯಾರ್ಯಾರನ್ನ ಹಿಂದೆ ಬಿಟ್ಟು ಬಂದೆ ಗೊತ್ತಾ?"

"ಗೊತ್ತು ಅತ್ತಿಗೆ."

"ನಿಮ್ಮಣ್ಣ ಮಗು ಥರ ಮಲಗಿದಾರೆ. ತಡಿ, ಎಬ್ಬಿಸ್ತೀನಿ" ಎಂದು ಹಿಂದಿನ ಬಾಗಿಲು ತೆಗೆದು ರಗ್ಗು ಎಳೆದೆ.

ಎರಡು ದಿಂಬು. ಒಂದು ಬ್ಯಾಗು. ಬ್ಯಾಗಿನೊಳಗೆ ನನ್ನದೇ ಫೋನು "ಗುರ್ರ್... ಗುರ್ರ್..." ಎನ್ನುತ್ತಿತ್ತು. ಪರದೆಯ ಮೇಲೆ ನಾದಿನಿಯ ಮನೆಯ ನಂಬರು.

"ಅಯ್ಯೋ, ನನ್ನ ಗಂಡ!" ಎಂದು ಮಳೆಯಲ್ಲೇ ಕಿರುಚಿದೆ.

"ಬೇಕಾ ಬೇಡ್ವಾ ಬೇಗ ಹೇಳು!" ಎಂದಿತು ಮೈದಾನದ ಗಂಟಲು, ಮನೆಯೊಳಗಿಂದ.

ನಾದಿನಿಯ ಹಿಂದೆ ಅವಳ ಗಂಡನ ಒಣಗಿದ ಅಂಗಿ ತೊಟ್ಟು, ಕಿವಿಗೆ ರಿಸೀವರ್ ಹಿಡಿದು ನಮ್ಮ ಯಜಮಾನರು ನಿಂತಿದ್ದರು! ನನಗೆ ಅಳುವೂ ನಗುವೂ ಒಟ್ಟಿಗೇ ಬಂದು, ಒದ್ದೆ ಚಪ್ಪಲಿಯಲ್ಲೇ ಒಳಗೆ ಓಡಿ ಅವರ ತೋಳು ಹಿಡಿದುಕೊಂಡೆ. ದಿಂಬಲ್ಲ, ಅವರೇ.

"ಎಲ್ಲಿ ಇಳಿದ್ರಿ? ಯಾವಾಗ ಇಳಿದ್ರಿ?"

"ಚಹಾದಂಗಡಿ ಹಿಂದೆ ಶೌಚಾಲಯಕ್ಕೆ ಹೋಗಿದ್ದೆ. ಬಂದು ನೋಡಿದ್ರೆ ಕಾರಿದ್ದ ಜಾಗದಲ್ಲಿ ಮೋಡ ನಿಂತಿತ್ತು!"

"ಮತ್ತೆ ನನಗೆ ಫೋನ್ ಮಾಡೋದಲ್ವಾ?"

"ನನಗೆ ಬಾಯಿಪಾಠ ಬರೋದು ನನ್ನ ನಂಬರೊಂದೇ ಕಣೇ. ಪಾಪ, ಅಲ್ಲೇ ಚಹಾಕ್ಕೆ ನಿಂತಿದ್ದ ಬಸ್ಸಿನ ಕಂಡಕ್ಟರು ತನ್ನ ಫೋನಿಂದ ಮಾಡಿದ. ಮಾತು ಸರಿಯಾಗಿ ಕೇಳ್ಲಿ ಅಂತ ಸ್ಪೀಕರ್‌ಗೆ ಹಾಕಿದ್ದ."

"ಸ್ಪೀಕರ್‌ಗಾ?"

"ಇಡೀ ಬಸ್ಸಿಗೇ ಕೇಳಿಸ್ತು. 'ನೀವೇ ಇಟ್ಕೊಳ್ಳಿ' ಅಂದ್ಯಲ್ಲ, ಅವರು ನಿಜವಾಗ್ಲೂ ಇಟ್ಕೊಂಡ್ರು! ಕಿಟಕಿ ಪಕ್ಕದ ಸೀಟು ಬಿಟ್ಕೊಟ್ರು. ಒಬ್ಬರು ಬಿಸ್ಕತ್ತು, ಒಬ್ಬರು ಬಾಳೆಹಣ್ಣು. ಒಬ್ಬ ಅಜ್ಜಿಯಂತೂ 'ನಮ್ಮೂರಿಗೆ ಬಂದ್ಬಿಡಪ್ಪ, ಒಂದು ಕೋಣೆ ಖಾಲಿ ಇದೆ' ಅಂದ್ರು. ನಿನ್ನ ಕಾರಿನ ಪಕ್ಕ ಬಂದಾಗ ಎಲ್ಲರೂ ಸೇರಿ ಕೈ ಬೀಸಿದ್ರೆ, ನೀನು ತಿರುಗಿ ಟಾಟಾ ಮಾಡ್ದೆ!"

ನಾದಿನಿ ಸೋಫಾದ ಮೇಲೆ ಉರುಳಿ ಉರುಳಿ ನಕ್ಕಳು. ಅತ್ತೆಯ ಮಡಿಲಲ್ಲಿದ್ದ ಮಗು ಕೂಡ, ಹುಟ್ಟಿದ ಮೇಲೆ ಮೊದಲ ಬಾರಿಗೆ, ಹಲ್ಲಿಲ್ಲದ ಬಾಯಿ ಅಗಲಿಸಿತು. ಅದು ಆಕಳಿಕೆ ಎಂದು ನಾನು ಈಗಲೂ ವಾದಿಸುತ್ತೇನೆ. ಒಬ್ಬರೂ ಒಪ್ಪುವುದಿಲ್ಲ.

ಅಲ್ಲಿದ್ದಷ್ಟು ದಿನವೂ ಮಳೆ, ಅಷ್ಟು ದಿನವೂ ನಗು. ಮಗುವನ್ನು ನೋಡಲು ಬಂದವರಿಗೆಲ್ಲ ಮೊದಲು ಮಗುವನ್ನು ತೋರಿಸಿ, ಆಮೇಲೆ ನನ್ನನ್ನು ತೋರಿಸುತ್ತಿದ್ದರು. ಅತ್ತೆ ಮಾತ್ರ ಬಂದವರೆಲ್ಲರ ಮುಂದೆ "ಎಷ್ಟು ನಯವಾಗಿ ಓಡಿಸ್ತಾಳೆ ಗೊತ್ತಾ? ನನಗೆ ಎಚ್ಚರಾನೇ ಆಗ್ಲಿಲ್ಲ!" ಎಂದು ಹೊಗಳುತ್ತಲೇ ಇದ್ದರು. ಆ ಮಾತೊಂದೇ ನನಗೆ ಆಸರೆ.

ಹೊರಡುವ ಬೆಳಿಗ್ಗೆ ಸಾಮಾನು ತುಂಬಿಸಿ ಬರುವಷ್ಟರಲ್ಲಿ ನಮ್ಮ ಯಜಮಾನರು ಮುಂದಿನ ಸೀಟಿನಲ್ಲಿ ಬೆಲ್ಟು ಬಿಗಿದುಕೊಂಡು, ಊರು ತಲುಪುವವರೆಗೂ ಇಳಿಯುವುದಿಲ್ಲವೆಂಬ ಮುಖ ಹೊತ್ತು ಕೂತಿದ್ದರು. ಆದರೆ ಅತ್ತೆ? ಒಳಗಿಲ್ಲ, ಹೊರಗಿಲ್ಲ. ನೋಡಿದರೆ ಎದುರಿನ ಬಸ್ ನಿಲ್ದಾಣದಲ್ಲಿ, ಕೊಡೆ ಹಿಡಿದು, ಕಂಕುಳಲ್ಲಿ ಎರಡೂ ದಿಂಬು ಸಿಕ್ಕಿಸಿಕೊಂಡು ನಿಂತಿದ್ದಾರೆ! ನಾನು ಓಡಿದೆ.

"ಅತ್ತೆ, ಇಲ್ಲೇನ್ ಮಾಡ್ತಿದೀರಿ? ನನ್ನ ಡ್ರೈವಿಂಗ್ ಮೇಲೆ ನಿಮಗೂ ನಂಬಿಕೆ ಹೋಯ್ತಾ?"

"ಅಯ್ಯೋ, ಎಲ್ಲಾದ್ರೂ ಉಂಟಾ ಕಣಮ್ಮ!" ಎಂದು ಅತ್ತೆ ಪ್ರೀತಿಯಿಂದ ನನ್ನ ಕೆನ್ನೆ ಸವರಿದರು. "ನಿನ್ನಷ್ಟು ಚೆನ್ನಾಗಿ ಆ ಬಸ್ ಡ್ರೈವರೂ ಓಡಿಸಲ್ಲ. ಆದ್ರೆ ಬಸ್ಸಲ್ಲಾದ್ರೆ, ಹೊರಡೋ ಮುಂಚೆ ಕಂಡಕ್ಟರು ಒಂದ್ಸಲ ತಲೆ ಎಣಿಸ್ತಾನೆ."