ಭಾರವಾದದ್ದು ಮೊದಲು ಬೀಳುತ್ತದೆ

ದಣಿವಿನಲ್ಲಿ ಎರಡು ಬಗೆ ಎಂಬುದು ನನಗೆ ನಲವತ್ತು ದಾಟಿದ ಮೇಲೆ ಗೊತ್ತಾಯಿತು. ಒಂದು, ಮಲಗಿದರೆ ಹೋಗುವಂಥದ್ದು. ಇನ್ನೊಂದು, ಮಲಗಿ ಎದ್ದರೂ ದಿಂಬಿನ ಪಕ್ಕದಲ್ಲೇ ಕಾದು ಕೂತಿರುವಂಥದ್ದು. ನನ್ನದು ಎರಡನೆಯದು. ಇಂಥ ದಣಿವಿನ ಮನುಷ್ಯ ಸಾಮಾನ್ಯವಾಗಿ ಸುಳ್ಳು ಹೇಳುವುದಿಲ್ಲ, ಸುಳ್ಳಿಗೂ ಒಂದಿಷ್ಟು ಶ್ರಮ ಬೇಕು. ಅವನು ಪುಸ್ತಕದ ಪುಟ ತಿರುಗಿಸುವುದಿಲ್ಲ, ಅಷ್ಟೆ. ತೊಂಬತ್ತರ ದಶಕದ ಕೊನೆಯಲ್ಲಿ ನಾನು ಹಾಗೆ ಒಂದೇ ಒಂದು ಪುಟ ತಿರುಗಿಸದೆ ಬಿಟ್ಟೆ. ಅದರಿಂದ ಒಬ್ಬ ಹುಡುಗಿಯ ಓದೇ ನಿಂತುಹೋಗುತ್ತಿತ್ತು.

ನಾನು ಮೂಲತಃ ಕನ್ನಡ ಮೇಷ್ಟ್ರು. ಮನೆ ಕೊಟ್ಟೂರಿನಲ್ಲಿ, ಶಾಲೆ ಕೂಡ್ಲಿಗಿ ದಾರಿಯಲ್ಲಿ ಒಳಗೆ ಸರಿದ ಒಂದು ಹಳ್ಳಿಯಲ್ಲಿ. ಬಸ್ಸಿನಲ್ಲಿ ನಿಂತು ಹೋಗಿ, ನಿಂತು ಪಾಠ ಹೇಳಿ, ನಿಂತು ಬರುವ ಉದ್ಯೋಗ. ವರ್ಗವಾಗಿ ಹೋದ ವಿಜ್ಞಾನದ ಮೇಷ್ಟ್ರ ಜಾಗಕ್ಕೆ ಎರಡು ವರ್ಷ ಯಾರೂ ಬರಲಿಲ್ಲ. ಹೆಡ್ಮಾಸ್ತರರು ಒಂದು ದಿನ ನನ್ನನ್ನು ಕರೆದು, ವಿಜ್ಞಾನದ ಪುಸ್ತಕವೂ ಕನ್ನಡದಲ್ಲೇ ಇದೆಯಲ್ಲ, ಕನ್ನಡ ನಿಮಗೆ ಬರುತ್ತದಲ್ಲ ಎಂದರು. ಈ ತರ್ಕಕ್ಕೆ ಉತ್ತರ ಹುಡುಕುವಷ್ಟರಲ್ಲಿ ಏಳನೇ ತರಗತಿಯ ಬಲ, ಚಲನೆ, ಗುರುತ್ವ ಎಲ್ಲ ನನ್ನ ಹೆಗಲೇರಿದ್ದವು.

ಗುರುತ್ವದ ಪಾಠದ ದಿನ ಭೂಮಿ ಎಲ್ಲವನ್ನೂ ತನ್ನತ್ತ ಎಳೆಯುತ್ತದೆ ಎಂದು ಓದಿಸಿದೆ. ಭಾರವಾದದ್ದನ್ನು ಹೆಚ್ಚು ಬಲದಿಂದ ಎಳೆಯುತ್ತದೆ ಎಂದೂ ಓದಿಸಿದೆ. ಪುಟ ಅಲ್ಲಿಗೆ ಮುಗಿದಿತ್ತು. ಹಾಗಾದರೆ ಭಾರವಾದದ್ದು ಮೊದಲು ಬೀಳುತ್ತದೆ, ಇಷ್ಟಕ್ಕೆ ಮುಂದಿನ ಪುಟ ಬೇರೆ ಬೇಕೇ ಎಂದುಕೊಂಡು ಪ್ರಯೋಗವನ್ನೂ ಮಾಡಿ ತೋರಿಸಿದೆ. ಒಂದು ಕೈಯಲ್ಲಿ ಡಸ್ಟರ್, ಇನ್ನೊಂದು ಕೈಯಲ್ಲಿ ಒಂದು ಹಾಳೆ. ಡಸ್ಟರ್ ದಪ್ಪೆಂದು ಬಿತ್ತು. ಹಾಳೆ ತೇಲಿಕೊಂಡು ಹೋಗಿ ಮೂರನೇ ಸಾಲಿನ ಬಳಿ ಕುಳಿತಿತು.

ಆಗ ಎದ್ದು ನಿಂತವಳು ಹುಲಿಗೆಮ್ಮ. ಅವಳ ಅಪ್ಪ ದುರುಗಪ್ಪ ಸುತ್ತಲಿನ ಹೊಲಗಳಲ್ಲಿ ಬಾವಿ ತೋಡುವವನು. ಇವಳು ರಜೆಯ ದಿನ ಬುತ್ತಿ ಒಯ್ದು ಬಾವಿಯ ದಂಡೆಯಲ್ಲಿ ಕೂತಿರುತ್ತಿದ್ದಳು. ಹಾಳೆಯನ್ನು ಗಾಳಿ ತಡೆಯುತ್ತದೆ, ಅದನ್ನು ಉಂಡೆ ಮಾಡಿ ಬಿಡಿ ಎಂದಳು. ತಾನು ಹಳೇ ಬಾವಿಗಳಲ್ಲಿ ದೊಡ್ಡ ಕಲ್ಲು, ಸಣ್ಣ ಕಲ್ಲು ಜೋಡಿಯಾಗಿ ಬಿಟ್ಟು ನೋಡಿದ್ದೇನೆ, ನೀರಿನ ಸಪ್ಪಳ ಎರಡು ಸಲ ಕೇಳುವುದಿಲ್ಲ, ಒಂದೇ ಸಲ ಎಂದಳು. ಹಾಳೆಯನ್ನು ಉಂಡೆ ಮಾಡಲು ನಾನು ಒಪ್ಪಲಿಲ್ಲ. ಅದು ಮೇಲಿನ ಕಚೇರಿಗೆ ಹೋಗಬೇಕಾದ ಹಾಜರಿಯ ತಖ್ತೆ ಎಂಬುದು ನಾನು ಕೊಟ್ಟ ಕಾರಣ. ಅರ್ಧ ಗಂಟೆಯಲ್ಲಿ ಬಸ್ಸಿತ್ತು ಎಂಬುದು ನಿಜವಾದ ಕಾರಣ. ಬಾವಿಯ ಮಾತು ಬಾವಿಯಲ್ಲಿಟ್ಟು ಬಾ ಎಂದೆ. ಅವಳು ಮತ್ತೂ ನಿಂತೇ ಇದ್ದಳು. ‘ಭಾರವಾದ ವಸ್ತು ಮೊದಲು ಬೀಳುತ್ತದೆ’ ಎಂದು ಹತ್ತು ಸಲ ಬರೆಯಲು ಹೇಳಿದೆ. ಬರೆದಳು. ದುಂಡಗಿನ ಅಕ್ಷರ, ಒಂದೂ ಕಾಗುಣಿತದ ತಪ್ಪಿಲ್ಲ. ಕನ್ನಡ ಮೇಷ್ಟ್ರಾಗಿ ಅದಕ್ಕೆ ‘ಉತ್ತಮ’ ಎಂದು ಬೇರೆ ಬರೆದುಕೊಟ್ಟೆ.

ಆ ವರ್ಷ ಹೊಸಪೇಟೆ ಕಡೆಯ ಒಂದು ವಸತಿ ಶಾಲೆಗೆ, ಎಂಟನೇ ತರಗತಿಯ ಪ್ರವೇಶಕ್ಕೆ ಪರೀಕ್ಷೆಯಿತ್ತು. ಆ ಹಳ್ಳಿಯಲ್ಲಿ ಶಾಲೆ ಏಳಕ್ಕೇ ಮುಗಿಯುತ್ತಿತ್ತು. ಆಮೇಲೆ ಹೆಣ್ಣುಮಕ್ಕಳು ದಿನಾ ಬಸ್ಸು ಹತ್ತಿ ಹೋಗಿ ಓದಿದ್ದು ಕಡಿಮೆ. ಆಯ್ಕೆಯಾದರೆ ಕಳಿಸುತ್ತೇನೆ, ಇಲ್ಲದಿದ್ದರೆ ಮನೆಯಲ್ಲಿರಲಿ ಎಂದು ದುರುಗಪ್ಪ ಹೆಡ್ಮಾಸ್ತರರಿಗೆ ಹೇಳಿದ್ದ. ಅರ್ಜಿ ಹಾಕಿದ್ದು ಇವಳೊಬ್ಬಳೇ.

ಪರೀಕ್ಷೆಯ ಹಿಂದಿನ ದಿನ ಶನಿವಾರ. ಅರ್ಧ ದಿನದ ಶಾಲೆ ಮುಗಿಸಿ ಬಂದು, ಅಟ್ಟ ಸ್ವಚ್ಛ ಮಾಡುತ್ತಿದ್ದ ಹೆಂಡತಿಗೆ ಏಣಿ ಹಿಡಿದು ನಿಂತಿದ್ದೆ. ಹಿಡಿದು ಎಂಬುದು ಅವಳ ನಂಬಿಕೆ, ನಾನು ಒರಗಿದ್ದೆ. ಮೇಲಿಂದ ಒಂದು ಕಬ್ಬಿಣದ ಹಂಚೂ ಒಂದು ಒಣಕೊಬ್ಬರಿ ಗಿಟುಕೂ ಅವಳ ಕೈ ತಪ್ಪಿ ನನ್ನ ಕಾಲ ಬಳಿ ಬಿದ್ದವು. ಕಾಲು ಉಳಿಯಿತು. ಆದರೆ ಕೇಳಿಸಿದ್ದು ಒಂದೇ ಸಪ್ಪಳ. ನಾನು ಎರಡನ್ನೂ ಎತ್ತಿಕೊಟ್ಟು, ಇನ್ನೊಮ್ಮೆ ಜೋಡಿಯಾಗಿ ಬಿಡು ಎಂದೆ. ಅವಳು ಏಣಿಯ ಮೇಲಿಂದಲೇ, “ಮೊದಲ ಒಂದು ಸಲ ಸಾಲಿಗೆ ರಜಾ ಹಾಕಿ ಮಲಕೋರಿ,” ಎಂದಳು. ಆದರೂ ಬಿಟ್ಟಳು. ಮತ್ತೆ ಒಂದೇ ಸಪ್ಪಳ.

ಪುಸ್ತಕ ತೆಗೆದು ಆ ಮುಂದಿನ ಪುಟ ತಿರುಗಿಸಿದೆ. ದಪ್ಪ ಅಕ್ಷರದಲ್ಲಿ, ಸುತ್ತಲೂ ಗೆರೆ ಹೊಡೆದು ಅಚ್ಚು ಮಾಡಿದ್ದರು: ಗಾಳಿಯ ಅಡ್ಡಿ ಇಲ್ಲದಿದ್ದರೆ ಭಾರವಾದದ್ದೂ ಹಗುರವಾದದ್ದೂ ಒಂದೇ ವೇಗದಲ್ಲಿ ಬೀಳುತ್ತವೆ. ಕೆಳಗೆ, ಹಾಳೆಯನ್ನು ಉಂಡೆ ಮಾಡಿ ಬಿಟ್ಟು ನೋಡಿ ಎಂಬ ಸೂಚನೆಯೂ ಇತ್ತು. ಹೆಡ್ಮಾಸ್ತರರು ತರಿಸಿದ್ದ ಮಾದರಿ ಪ್ರಶ್ನೆಪತ್ರಿಕೆಯಲ್ಲಿ ಇದೇ ಪ್ರಶ್ನೆಯಿತ್ತು. ಈ ಹುಡುಗಿ ನಾನು ಹತ್ತು ಸಲ ಬರೆಸಿದ್ದನ್ನೇ ಹನ್ನೊಂದನೇ ಸಲ ಬರೆದರೆ? ಹಳ್ಳಿಯ ಕೊನೆಯ ಬಸ್ಸು ಹೋಗಿಯಾಗಿತ್ತು.

ಭಾನುವಾರ ಬೆಳಿಗ್ಗೆ, ಪರೀಕ್ಷೆ ನಡೆಯಲಿದ್ದ ಕೂಡ್ಲಿಗಿಯ ಬಸ್ಸು ಹತ್ತಿದೆ. ನನ್ನ ಜೀವನದಲ್ಲಿ ಮೊದಲ ಬಾರಿಗೆ ಸೀಟು ಸಿಕ್ಕಿತು, ಆದ್ದರಿಂದ ಬಸ್ಸು ಅರ್ಧ ದಾರಿಯಲ್ಲಿ ಕೆಟ್ಟಿತು. ಅಲ್ಲಿಂದ ಶೇಂಗಾ ಚೀಲ ತುಂಬಿದ ಒಂದು ಟೆಂಪೋದ ಮೇಲೆ ಕೂತು ಹೊರಟೆ. ಚಾಲಕ ಬ್ರೇಕ್ ಹಾಕಿದಾಗಲೆಲ್ಲ ಟೆಂಪೋ ನಿಲ್ಲುತ್ತಿತ್ತು, ನಾನು ಮುಂದುವರಿಯುತ್ತಿದ್ದೆ. ಜಡತ್ವದ ಪಾಠವನ್ನಾದರೂ ಸರಿಯಾಗಿ ಹೇಳಿದ್ದೇನೆ ಎಂಬ ಸಮಾಧಾನವಾಯಿತು.

ಪರೀಕ್ಷೆಯ ಶಾಲೆಯ ಗೇಟಿನ ಬಳಿ ಮುಟ್ಟಿದಾಗ ಮಕ್ಕಳು ಒಳಗೆ ಹೋಗುತ್ತಿದ್ದರು. ದುರುಗಪ್ಪ ಹೆಗಲ ಟವೆಲ್ಲಿನಿಂದ ಮಗಳ ಮುಖ ಒರೆಸುತ್ತಿದ್ದ. ಮೈತುಂಬ ಶೇಂಗಾದ ಧೂಳು ಮೆತ್ತಿಕೊಂಡು ನಿಂತ ನನ್ನನ್ನು ಗುರುತಿಸಲು ಅವರಿಗೆ ಸ್ವಲ್ಪ ಹೊತ್ತು ಹಿಡಿಯಿತು. ಏದುಸಿರಿನಲ್ಲೇ ಹೇಳಿದೆ: “ಹುಲಿಗೆಮ್ಮ, ನಾ ಬರೆಸಿದ್ದು ತಪ್ಪು. ಎರಡೂ ಜೋಡೀನ ಬೀಳ್ತಾವ.”

ಅವಳು ನೆಲ ನೋಡುತ್ತ, “ನನಗ ಗೊತ್ತೈತ್ರಿ ಸಾರ್,” ಎಂದಳು.

“ಮತ್ತ ನನಗ ಯಾಕ ಹೇಳಲಿಲ್ಲ?”

“ಹೇಳಿದ್ನೆಲ್ರಿ.”

ನಾನು ಬರದಿದ್ದರೆ ಪರೀಕ್ಷೆಯಲ್ಲಿ ಏನು ಬರೆಯುತ್ತಿದ್ದೆ ಎಂದು ಕೇಳಿದೆ.

“ನೀವು ಬರೆಸಿದ್ದ ಬರೀತಿದ್ದೆರಿ. ಸಾಲ್ಯಾಗ ಸಾರ್ ಹೇಳಿದ್ದ ಖರೇ, ಬಾವ್ಯಾಗಿಂದು ಬಾವ್ಯಾಗಿರ್ಲಿ ಅಂತ ಅಪ್ಪಾನೂ ಹೇಳ್ಯಾನ.”

ಗಂಟೆ ಹೊಡೆಯಿತು. ಕಣ್ಣಾರೆ ನೋಡಿದ್ದನ್ನು ಬರಿ, ಯಾರು ಹೇಳಿದ್ದನ್ನೂ ಬರೆಯಬೇಡ ಎಂದೆ. ಅವಳು ಮೊದಲ ಬಾರಿಗೆ ನನ್ನ ಮುಖ ನೋಡಿ, ತಲೆಯಾಡಿಸಿ ಒಳಗೆ ಹೋದಳು.

ಎರಡು ತಾಸು ನಾನೂ ದುರುಗಪ್ಪನೂ ಬೇವಿನ ಮರದ ಕೆಳಗೆ ಕೂತೆವು. ಭಾರದ್ದನ್ನು ಭೂಮಿ ಹೆಚ್ಚು ಜಗ್ಗುತ್ತದೆ ಅಂತೀರಿ, ಮತ್ತೆ ಜೋಡಿ ಯಾಕೆ ಬೀಳುತ್ತವೆ ಎಂದು ಅವನು ಕೇಳಿದ. ಪುಸ್ತಕದಲ್ಲಿ ಅದಕ್ಕೂ ಎರಡು ಸಾಲು ಇದ್ದವು, ಬಾಯಿಪಾಠವೂ ಆಗಿತ್ತು, ಅರ್ಥವಾಗಿರಲಿಲ್ಲ. ನಾನು ತಡವರಿಸುವಷ್ಟರಲ್ಲಿ ಅವನೇ ಹೇಳಿದ: “ದೊಡ್ಡ ಬಂಡಿಗಲ್ಲು ಕದಲಸಾಕ ಹತ್ತು ಮಂದಿ ಬೇಕ್ರಿ, ಸಣ್ಣ ಕಲ್ಲಿಗೆ ಒಬ್ಬ ಸಾಕು. ಭೂಮಿನೂ ಹಂಗ ಜಗ್ಗತಿರಬೇಕು. ಮೈಗಳ್ಳಂಗ ಜಾಸ್ತಿ, ಚುರುಕಿದ್ದವಂಗ ಕಡಿಮಿ. ಅದಕ್ಕ ಇಬ್ರೂ ಜೋಡಿ ಮುಟ್ತಾರ.” ಪುಸ್ತಕ ಬರೆದವರಿಗಿಂತ ಇವನು ಚೆನ್ನಾಗಿ ಹೇಳಿದ್ದ. ಮೈಗಳ್ಳ ಎಂದಾಗ ಅವನು ನನ್ನ ಕಡೆ ನೋಡಲಿಲ್ಲ. ಸಭ್ಯ ಮನುಷ್ಯ.

ಹೊರಗೆ ಬಂದ ಹುಲಿಗೆಮ್ಮ, ಆ ಪ್ರಶ್ನೆ ಬಂದಿತ್ತು ಎಂದಷ್ಟೇ ಹೇಳಿ ಅಪ್ಪನ ಜೊತೆ ಬಸ್‌ಸ್ಟ್ಯಾಂಡಿನ ಕಡೆ ನಡೆದಳು. ತಿಂಗಳ ಮೇಲೆ ಆಯ್ಕೆಯ ಪತ್ರ ಬಂತು. ಜೂನ್‌ನಲ್ಲಿ ಒಂದು ಟ್ರಂಕು ಹಿಡಿದು ಹೋದಳು. ವಿಜ್ಞಾನ ಶಿಕ್ಷಕರ ಅವಿರತ ಶ್ರಮದ ಫಲ ಎಂದು ಹೆಡ್ಮಾಸ್ತರರು ನೋಟೀಸು ಬೋರ್ಡಿಗೆ ಬರೆಸಿದರು. ಅದನ್ನು ಅಳಿಸಬೇಕೆಂದು ನಾಲ್ಕಾರು ಸಲ ಅಂದುಕೊಂಡೆ. ಬೋರ್ಡು ಸ್ವಲ್ಪ ಎತ್ತರದಲ್ಲಿತ್ತು.

ಆದರೆ ಪರೀಕ್ಷೆಯ ಮರುದಿನ ಸೋಮವಾರ, ಇಡೀ ತರಗತಿಯ ಮುಂದೆ ನನ್ನ ತಪ್ಪನ್ನು ಒಪ್ಪಿಕೊಂಡಿದ್ದೆ. ಹಾಳೆಯನ್ನು ಉಂಡೆ ಮಾಡಿ ಬಿಟ್ಟೂ ತೋರಿಸಿದೆ. ಮಕ್ಕಳು ನಗಲಿಲ್ಲ. ಅದು ಇನ್ನೂ ಅಪಾಯದ್ದು ಎಂದು ಆಮೇಲೆ ತಿಳಿಯಿತು. ಅಂದಿನಿಂದ ನಾನು ಏನು ಹೇಳಿದರೂ ಯಾರಾದರೊಬ್ಬರು ಎದ್ದು, ಖರೇನ್ರಿ ಸಾರ್, ನೋಡೀರೇನು ಎಂದು ವಿನಯದಿಂದ ಕೇಳತೊಡಗಿದರು. ಈ ಚಾಳಿ ಕೆಳಗಿನ ತರಗತಿಗಳಿಗೂ ಹಬ್ಬಿತು. ನಾನು ಮನೆಗೆ ಪುಸ್ತಕ ಒಯ್ದು ಎಲ್ಲ ಪುಟಗಳನ್ನೂ ತಿರುಗಿಸಬೇಕಾಯಿತು. ಮರುವರ್ಷ ವಿಜ್ಞಾನಕ್ಕೆ ಹೊಸ ಮೇಷ್ಟ್ರು ಬಂದಾಗ, ಸದ್ಯ ಬದುಕಿದೆ ಎಂದು ಕನ್ನಡಕ್ಕೆ ಮರಳಿದೆ. ಮೊದಲ ದಿನ ಗಾದೆಗಳ ಪಾಠ. ದೂರದ ಬೆಟ್ಟ ನುಣ್ಣಗೆ ಎಂದು ಹೇಳಿ, ಕಿಟಕಿಯಾಚೆ ಕಾಣುತ್ತಿದ್ದ ಗುಡ್ಡವನ್ನು ಉದಾಹರಣೆಯಾಗಿ ತೋರಿಸಿದೆ. ಹಿಂದಿನ ಸಾಲಿನಿಂದ ಒಂದು ಕೈ ಮೇಲೆ ಬಂತು.

ಮುಂದಿನ ಭಾನುವಾರ ಮೂವತ್ತೆರಡು ಮಕ್ಕಳ ಹಿಂದೆ, ಎರಡೂ ಮೊಣಕಾಲು ಹಿಡಿದುಕೊಂಡು, ಆ ಗುಡ್ಡ ಹತ್ತಿದೆ. ನುಣ್ಣಗಿರಲಿಲ್ಲ.